ತೇಗೂರು ದಾಟದ ಕಾಕಾನ ದೇಶಸಂಚಾರ

ನಮ್ಮ ಕಾಕಾನಷ್ಟು ದೇಶ ತಿರುಗಿದ ಮನುಷ್ಯ ಹುಬ್ಬಳ್ಳಿ-ಧಾರವಾಡ ಎರಡೂ ಊರು ಜಾಲಾಡಿದರೂ ಸಿಗಲಿಕ್ಕಿಲ್ಲ. ಲೇಹ್‌ಗೆ ಹೋಗುವ ದಾರಿಯಲ್ಲಿ ಯಾವ ತಿರುವಿನಲ್ಲಿ ಎದೆ ಝಲ್ಲೆನ್ನುತ್ತದೆ, ರಾಜಸ್ಥಾನದಲ್ಲಿ ರಸ್ತೆ ನಡುವೆ ಕೂತ ಒಂಟೆಯನ್ನು ಏಳಿಸುವುದು ಹೇಗೆ, ನಾರ್ವೆ ದೇಶದ ಸುರಂಗಗಳಲ್ಲಿ ದೀಪ ಯಾವ ಬಣ್ಣದ್ದು, ಏನು ಬೇಕಾದರೂ ಕೇಳಿ, ಕಾಕಾನ ಹತ್ತಿರ ಉತ್ತರವಿತ್ತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಈ ಮಹಾ ಪ್ರವಾಸಿ ಅರವತ್ತು ದಾಟಿದರೂ ಧಾರವಾಡದ ಆಚೆಗಿನ ತೇಗೂರು ದಾಟಿದವನಲ್ಲ!

ಕಾರಣ ಸರಳ. ಗಾಡಿ ಹತ್ತಿದರೆ ವಾಂತಿ. ಬಸ್ಸು ಹೊರಟ ಮೇಲೆ ವಾಂತಿ ಮಾಡುವವರನ್ನು ನೀವೂ ನೋಡಿರುತ್ತೀರಿ. ಕಾಕಾನಿಗೆ ಕಂಡಕ್ಟರನ ಸೀಟಿ ಕೇಳಿದರೆ ಸಾಕಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಕಾಕೂನನ್ನು ಕರೆದುಕೊಂಡು ಮಹಾಬಳೇಶ್ವರಕ್ಕೆ ಹೊರಟವನು ತೇಗೂರಿನಲ್ಲೇ ಇಳಿದು, ಬೇವಿನ ಮರದ ಕೆಳಗೆ ಅಡ್ಡಾಗಿ, ಸಂಜೆ ಎತ್ತಿನ ಗಾಡಿಯಲ್ಲಿ ಧಾರವಾಡಕ್ಕೆ ವಾಪಸು ಬಂದನಂತೆ. ಎತ್ತಿನ ಗಾಡಿ ಮಾತ್ರ ಅವನಿಗೆ ಆಗುತ್ತಿತ್ತು! ಯಾರಾದರೂ ಹನಿಮೂನಿನ ಸುದ್ದಿ ಎತ್ತಿದರೆ ಕಾಕೂ ಗಂಭೀರವಾಗಿ ಹೇಳುತ್ತಿದ್ದಳು: "ನಮ್ದು ತೇಗೂರಿನಾಗ ಆತು. ಹವಾ ಭಾಳ ಛಲೋ ಇತ್ತು."

ಇಂಥವನು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ ಗೊತ್ತೇ? ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಸೂಟ್‌ಕೇಸು, ಬ್ಯಾಗುಗಳ ಅಂಗಡಿ ಇಟ್ಟಿದ್ದ. ತಿರುಪತಿಗೆ ಹೋಗುವವರು, ಹಜ್‌ಗೆ ಹೋಗುವವರು, ದುಬೈಗೆ ಹೋಗುವವರು ಎಲ್ಲರೂ ಇವನ ಅಂಗಡಿ ಹೊಕ್ಕೇ ಮುಂದಿನ ದಾರಿ ಹಿಡಿಯಬೇಕು. ಎಲ್ಲಿಗೆ, ಯಾವ ದಾರಿ, ಎಲ್ಲಿ ಉಳಿಯುತ್ತೀರಿ ಎಂದೆಲ್ಲ ವಿಚಾರಿಸದೆ ಬ್ಯಾಗು ಕೊಡುತ್ತಿರಲಿಲ್ಲ. ಗಿರಾಕಿಗಳು ಊರಿಗೆ ಹೋಗಿಬಂದು ಮರೆಯುತ್ತಿದ್ದರು. ಹೋಗದ ಕಾಕಾ ಮರೆಯುತ್ತಿರಲಿಲ್ಲ.

ಮೊಬೈಲಿನಲ್ಲಿ, ಟಿವಿಯಲ್ಲಿ ರಸ್ತೆಯ ವಿಡಿಯೋಗಳು ಬರತೊಡಗಿದ ಮೇಲೆ ಕಾಕಾನ ಜನ್ಮ ಬದಲಾಯಿತು. ಕಾರಿನ ಮುಂದೆ ಕ್ಯಾಮೆರಾ ಸಿಕ್ಕಿಸಿ ಗಂಟೆಗಟ್ಟಲೆ ಬರೀ ರಸ್ತೆ ತೋರಿಸುತ್ತಾರಲ್ಲ, ಅಂಥವು. ಮಾತಿಲ್ಲ, ಕತೆಯಿಲ್ಲ. ನನಗೆ ಐದು ನಿಮಿಷಕ್ಕೆ ಆಕಳಿಕೆ ಬರುತ್ತಿತ್ತು. ಕಾಕಾ ಕಣ್ಣು ಮಿಟುಕಿಸುತ್ತಿರಲಿಲ್ಲ. ವಿಡಿಯೋ ಮುಂದಕ್ಕೆ ಓಡಿಸಲು ಯಾರಿಗೂ ಅಪ್ಪಣೆಯಿಲ್ಲ. "ರಸ್ತಾ ನುಂಗಬಾರದವಾ, ಬಂದಂಗ ಹೋಗಬೇಕು" ಎನ್ನುತ್ತಿದ್ದ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಕಾಶ್ಮೀರಕ್ಕೆ ಹೋದವನು ಅವನು! ಕಾಕೂ ಚಹಾ ತಂದು ನಿಂತರೆ, "ಏ, ಎಡಕ್ಕ ಕೂಡು, ಹೊಳಿ ಎಡಕ್ಕ ಬರತೈತಿ" ಎಂದು ಜಾಗ ತೋರಿಸುವನು. "ನನಗ ಅಡಗಿಮನ್ಯಾಗ ಕುಕ್ಕರ್ ಕೂಗಾಕತ್ತೈತ್ರಿ" ಎಂದು ಕಾಕೂ ಚಹಾ ಅಲ್ಲೇ ಇಟ್ಟು ಹೋಗಿಬಿಡುವಳು. ಕುರ್ಚಿಯಲ್ಲಿ ಕೂತರೆ ವಾಂತಿ ಇಲ್ಲ, ಅದೇ ದೊಡ್ಡ ಲಾಭ. ಒಮ್ಮೆ ಮಾತ್ರ ಯಾರೋ ಹಾರುವ ಕ್ಯಾಮೆರಾದಿಂದ ತೆಗೆದ ಕಣಿವೆಯ ವಿಡಿಯೋ ನೋಡಿ, ಮನೆಯ ನಡುವೆಯೇ ಆಯಿತು.

ಕ್ರಮೇಣ ಬಳಗದವರ ರಜೆಯ ಪ್ರವಾಸಗಳಿಗೆಲ್ಲ ಕಾಕಾನೇ ದಾರಿ ಹಾಕಿಕೊಡತೊಡಗಿದ. ನಾವು ಕಾರಿನಲ್ಲಿ ರಾಜಸ್ಥಾನಕ್ಕೆ ಹೋದಾಗ ದಾರಿಯುದ್ದಕ್ಕೂ ಫೋನು.

"ಬಲಕ್ಕ ಹಸರು ಬಣ್ಣದ ಧಾಬಾ ಬಂತಿಲ್ಲವಾ?"

"ಬಂತು ಕಾಕಾ."

"ಅಲ್ಲಿ ಉಣಬ್ಯಾಡ್ರಿ. ಹೋದ ಸಲ ಒಬ್ಬಾಂವ ಉಂಡು ಮೂರು ದಿನ ಮಲಗಿದ."

"ಯಾರು?"

"ವಿಡಿಯೋದಾಂವ!"

ಇಷ್ಟರವರೆಗೆ ನಗುವುದು ಸುಲಭ. ಒಂದು ವರ್ಷ ಕಾಕಾನ ಕಾಲು ಬಾತವು, ಆಮೇಲೆ ಮುಖ ಬಾತಿತು. ಎರಡೂ ಕಿಡ್ನಿ ಕೈಕೊಟ್ಟಿವೆ, ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದರು ಡಾಕ್ಟರು. ಆಮೇಲೆ ಬಹಳ ನಾಜೂಕಾಗಿ, "ಇನ್ನ ಮ್ಯಾಲೆ ದೂರದ ಪ್ರಯಾಣ ಕಷ್ಟ ಆಗತೈತ್ರಿ" ಎಂದರು. ನಾನೂ ಕಾಕೂನೂ ಮುಖ ಕೆಳಗೆ ಹಾಕಿದೆವು. ಕಾಕಾ ಮಾತ್ರ ಗಟ್ಟಿಯಾಗಿ ನಕ್ಕುಬಿಟ್ಟ. "ಅದೊಂದನ್ನ ನನ್ನಿಂದ ಕಸಗೊಳ್ಳಾಕ ಆಗಂಗಿಲ್ರಿ ಡಾಕ್ಟರ್ ಸಾಹೇಬ್ರ. ಇರಲೇ ಇಲ್ಲಲ್ಲ!"

ಮಂಗಳವಾರ, ಗುರುವಾರ, ಶನಿವಾರ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಾಲ್ಕು ತಾಸು ಮಂಚ. ಕೈಗೆ ದಪ್ಪ ಸೂಜಿ. ಮೈಯ ರಕ್ತವೆಲ್ಲ ಕೊಳವೆಯಲ್ಲಿ ಹೊರಗೆ ಹೋಗಿ ಯಂತ್ರದಲ್ಲಿ ತೊಳೆದುಕೊಂಡು ಒಳಗೆ ಬರಬೇಕು. ಶನಿವಾರ ನಾನು ಧಾರವಾಡದ ಕೆಲಗೇರಿಯ ನನ್ನ ಮನೆಯಿಂದ ಕಾರು ತಂದು, ಕಾಕಾನ ಕೈಗೊಂದು ವಾಂತಿಯ ಚೀಲ ಕೊಟ್ಟು, ಕರೆದೊಯ್ಯುತ್ತಿದ್ದೆ. ಕಾಕಾನ ಎಡಕ್ಕೆ ಉಸ್ತಾದ್: ತಾರಿಹಾಳದಲ್ಲಿ ಗ್ಯಾರೇಜು ನಡೆಸುತ್ತಿದ್ದವರು, ಬಹಳ ವರ್ಷಗಳಿಂದ ಆ ಮಂಚದ ಗಿರಾಕಿ. ಬಲಕ್ಕೆ ಕುಂದಗೋಳ ಕಡೆಯ ಗೌಡರ ಮನೆಯ ಅಜ್ಜಿ. ಹಣೆತುಂಬ ವಿಭೂತಿ, ಬಾಯಿತುಂಬ ಬೈಗುಳ. ಗೋಡೆಯ ಟಿವಿಯಲ್ಲಿ ಇಡೀ ದಿನ ಯಾವುದೋ ಧಾರಾವಾಹಿಯ ಅತ್ತೆ-ಸೊಸೆ ಕೂಗಾಡುತ್ತಿದ್ದರು. ಮೂರನೆಯ ವಾರಕ್ಕೆ ಕಾಕಾ ನರ್ಸಮ್ಮನನ್ನು ಒಲಿಸಿಕೊಂಡು ತನ್ನ ಮೊಬೈಲನ್ನು ಆ ಟಿವಿಗೆ ಜೋಡಿಸಿಬಿಟ್ಟ. ಇಡೀ ವಾರ್ಡು ಲಡಾಖಿಗೆ ಹೊರಟಿತು.

"ಒಂದ ಗಿಡಾ ಇಲ್ಲ, ಜ್ವಾಳಾ ಬೆಳ್ಯಾಂಗಿಲ್ಲ, ಇಲ್ಲಿಗ್ಯಾಕ ಬಂದ್ವೋ ತಮ್ಮಾ?" ಎಂದಳು ಅಜ್ಜಿ.

"ಮುಂದ ಸರೋವರ ಬರತೈತಿ ತಡಿ ಬೇ."

"ಸರೋವರದ ನೀರು ಕುಡ್ಯಾಕ ಬಿಡತಾರೇನು ಇವ್ರು?"

ಬಿಡುತ್ತಿರಲಿಲ್ಲ. ಅದೇ ಅಲ್ಲಿಯ ದೊಡ್ಡ ಸಂಕಟ. ಕಿಡ್ನಿ ಇಲ್ಲದವರಿಗೆ ನೀರು ಹೊರಹೋಗಲು ದಾರಿಯಿಲ್ಲ. ದಿನಕ್ಕೆ ಇಷ್ಟೇ ಲೋಟ ಎಂದು ಕಟ್ಟುನಿಟ್ಟು. ಅಜ್ಜಿ ಬಾಯಲ್ಲಿ ಒಂದು ಚೂರು ಐಸು ಇಟ್ಟುಕೊಂಡು ತಾಸುಗಟ್ಟಲೆ ಕರಗಿಸುತ್ತಿದ್ದಳು. ಇದು ಗೊತ್ತಿದ್ದೂ ಕಾಕಾ ಒಂದು ದಿನ ಉತ್ಸಾಹದಲ್ಲಿ ಎಲ್ಲರನ್ನೂ ಜೋಗದ ಗುಂಡಿಗೆ ಕರೆದೊಯ್ದ. ತುಂಬು ಮಳೆಗಾಲದ ಜೋಗ! ನೀರು ಧೋ ಎಂದು ಬೀಳುತ್ತಿದೆ. ನಾನು ಸುತ್ತ ನೋಡಿದೆ. ಸಾಲಾಗಿ ಮಲಗಿದ ಅಷ್ಟೂ ಜನರು ಒಣ ತುಟಿಗಳನ್ನು ನೆಕ್ಕಿಕೊಳ್ಳುತ್ತಿದ್ದರು. "ಬಂದ್ ಮಾಡ್ರಿ ಸಾವಕಾರ್ರ, ನಿಮ್ಮ ಕಾಲಿಗೆ ಬೀಳತೀನಿ" ಎಂದರು ಉಸ್ತಾದ್. ಅಂದಿನಿಂದ ನಮ್ಮ ಪ್ರವಾಸಗಳಿಂದ ಜಲಪಾತ, ಕೆರೆ, ಹೊಳೆ ಎಲ್ಲ ಕಡಿದುಹೋದವು. ಹೋದರೆ ಮರುಭೂಮಿ, ಇಲ್ಲವೇ ಬೋಳುಗುಡ್ಡ.

ಮುಂದಿನ ರಜೆಯ ಯೋಜನೆಗಳೂ ಅಲ್ಲೇ ನಡೆಯುತ್ತಿದ್ದವು. "ಬರೂ ದೀಪಾವಳಿಗೆ ಸ್ಪಿತಿ ಕಣಿವಿಗೆ ಹೋಗೂಣು ಉಸ್ತಾದ್" ಎಂದ ಕಾಕಾ. ಉಸ್ತಾದ್ ಕೊಳವೆಯ ಕಡೆ ನೋಡುತ್ತ ಹೇಳಿದರು: "ಅಷ್ಟು ದೂರದ್ದು ಬ್ಯಾಡ್ರಿ ಸಾವಕಾರ್ರ. ಮಂಗಳವಾರದ್ದು ಹೇಳ್ರಿ." ಇಬ್ಬರೂ ನಕ್ಕರು. ನರ್ಸಮ್ಮ ನಗಲಿಲ್ಲ.

ಅಜ್ಜಿಗೆ ಬೇಕಾಗಿದ್ದದ್ದು ಒಂದೇ ಊರು, ಶ್ರೀಶೈಲ. ಮೈಯಲ್ಲಿ ಶಕ್ತಿ ಇದ್ದಷ್ಟು ವರ್ಷ ಯುಗಾದಿಗೆ ಪಾದಯಾತ್ರೆಯಲ್ಲಿ ಹೋದವಳು. ಕಾಕಾ ಹುಡುಕಿ ಹುಡುಕಿ ದಾರಿ ಜೋಡಿಸಿದ. ಗದಗ ದಾಟುವಷ್ಟರಲ್ಲಿ ಅಜ್ಜಿಯ ತಕರಾರು ಶುರುವಾಯಿತು.

"ಇಷ್ಟು ಜೋರು ಗಾಡ್ಯಾಗ ಹೋದ್ರ ಮಲ್ಲಯ್ಯ ಲೆಕ್ಕಕ್ಕ ಹಿಡ್ಯಾಂಗಿಲ್ಲೋ ತಮ್ಮಾ. ನಡಕೊಂತ ಹೋಗಬೇಕು."

"ಹಂಗಾರ ಸ್ಪೀಡ್ ಕಡಿಮಿ ಮಾಡತೀನಿ ತಡಿ ಬೇ" ಎಂದು ಕಾಕಾ ವಿಡಿಯೋದ ವೇಗ ಇಳಿಸಿದ. ಲಾರಿಗಳು ತೇಲುತ್ತ ಬಂದವು. ರಸ್ತೆ ದಾಟುವ ಎಮ್ಮೆ ಎತ್ತಿದ ಕಾಲನ್ನು ಇಡಲು ಯುಗವನ್ನೇ ತೆಗೆದುಕೊಂಡಿತು. ಅಜ್ಜಿಗೆ ಪರಮಾನಂದ. ಹೊದಿಕೆಯ ಕೆಳಗೆ ಪಾದಗಳನ್ನು ಒಂದಾದಮೇಲೊಂದು ಆಡಿಸುತ್ತಿದ್ದಳು. ಗುರುವಾರ ಕರ್ನೂಲು ಮುಟ್ಟಿದರಂತೆ. ಶನಿವಾರ ನಾವು ಹೋದಾಗ ಬಲಗಡೆಯ ಮಂಚದಲ್ಲಿ ಯಾರೋ ಹೊಸಬರು ಮಲಗಿದ್ದರು. ಕಾಕಾ ನರ್ಸಮ್ಮನ ಮುಖ ನೋಡಿದ. ಆಕೆ, "ಅಜ್ಜಿ ನಿನ್ನೆ ಮುಂಜಾನೆ ಹೋದ್ರರಿ" ಎಂದು ಅವನ ಕೈಯನ್ನು ತಿರುಗಿಸಿ ನರ ಹುಡುಕತೊಡಗಿದಳು.

ಆ ದಿನ ಟಿವಿಯಲ್ಲಿ ಅತ್ತೆ-ಸೊಸೆಯೇ ಕೂಗಾಡಿದರು. ಕಾಕಾ ಹೇಳಿದ: "ಸ್ಪೀಡ್ ಕಡಿಮಿ ಮಾಡಬಾರದಿತ್ತು ಉಸ್ತಾದ್. ಮುಟ್ಟಿಬಿಡತಿದ್ವಿ."

"ಆಕಿಗ ನಡಕೊಂತ ಹೋಗೋದು ಬೇಕಾಗಿತ್ತಲ್ರಿ. ನಡದಳು" ಎಂದು ಉಸ್ತಾದ್ ಗೋಡೆಯ ಕಡೆ ತಿರುಗಿ ಮಲಗಿದರು.

ಇದಾದ ಮೇಲೆ ಕಾಕಾ ವಿಡಿಯೋ ಹಾಕುವುದನ್ನೇ ಬಿಟ್ಟ. ಒಂದು ಶನಿವಾರ ಮನೆಗೆ ಬಿಡುವಾಗ ಕಾರಿನಲ್ಲಿ, "ಒಂದ ಸಲ ಖರೇನ ಹೋಗಬೇಕವಾ. ನಿಮ್ಮ ಕಾಕೂ ಸಮುದ್ರ ನೋಡಿಲ್ಲ" ಎಂದ. ಡಾಕ್ಟರು ತಲೆ ಕೆರೆದುಕೊಂಡು ಒಪ್ಪಿದರು: ಶನಿವಾರದ ಡಯಾಲಿಸಿಸ್ ಮುಗಿಸಿ ಭಾನುವಾರ ಹೋಗಿ, ಸೋಮವಾರ ಮರಳಿ, ಮಂಗಳವಾರ ತಪ್ಪದೆ ಮಂಚಕ್ಕೆ. ನೀರು ಅಳತೆಯಲ್ಲಿ. ಎಳನೀರು ಮುಟ್ಟಲೇಬಾರದು, ಅದು ಇವರಿಗೆ ವಿಷ. ಉಸ್ತಾದರನ್ನೂ ಕರೆದೆವು. ಅವರ ಹೃದಯ ಮೆಟ್ಟಿಲನ್ನೇ ಹತ್ತಲಾರದ ಸ್ಥಿತಿಯಲ್ಲಿತ್ತು. "ಮಂದಿ ವಿಡಿಯೋ ನೋಡಿ ಸಾಕಾತ್ರಿ. ನನಗ ನೀವ ಒಂದು ಮಾಡಕೊಂಡ ಬರ್ರಿ. ಸಮುದ್ರ ಬರೂತನಕ ಬಂದ್ ಮಾಡಬ್ಯಾಡ್ರಿ" ಎಂದರು.

ಹಾಗೆ ನಾವು ಮೂವರು ಕಲಘಟಗಿ, ಯಲ್ಲಾಪುರದ ಮೇಲೆ ಅಂಕೋಲೆಗೆ ಹೊರಟೆವು. ಕಾಕಾ ಮುಂದಿನ ಸೀಟಿನಲ್ಲಿ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಕಲಘಟಗಿಗೆ ಮೊದಲನೆಯ ವಾಂತಿ. ಯಲ್ಲಾಪುರದ ಆಚೆ, "ಈಗ ಒಂದು ಛಾದಂಗಡಿ ಬರತೈತಿ, ಬಿಳಿ ನಾಯಿ ಇರತೈತಿ" ಎಂದ. ಅಂಗಡಿ ಬಂತು; ನಾಯಿಯೂ ಇತ್ತು, ಮುದಿಯಾಗಿತ್ತು. ಕಾಕಾ ಇಳಿದು ಚುಚ್ಚುಚು ಎಂದು ಕರೆದ. ನಾಯಿ ಗುರ್ ಎಂದಿತು. "ಎಷ್ಟ ಸಲ ನೋಡೇನಿ ಇದನ್ನ! ಗುರುತ ಹಿಡೀಲಿಲ್ಲ ನೋಡವಾ" ಎಂದ ಕಾಕಾನ ಮುಖದಲ್ಲಿ ನಿಜವಾದ ನೋವಿತ್ತು. ಘಟ್ಟದ ತಿರುವುಗಳಲ್ಲಿ ವಾಂತಿಯ ಮೇಲೆ ವಾಂತಿ. ಬೆವರಿ ಬಿಳಿಚಿಕೊಂಡಿದ್ದ. ನಾನು ಹೆದರಿ ಗಾಡಿ ನಿಲ್ಲಿಸಿ, ವಾಪಸು ಹೋಗೋಣ ಎಂದೆ. ಹಿಂದಿನ ಸೀಟಿನಿಂದ ಕಾಕೂ ಅವನ ಹಣೆ ಹಿಡಿದುಕೊಂಡೇ ಹೇಳಿದಳು: "ನೀ ನಡಿಯವಾ. ವಾಂತಿ ಅಲ್ಲೂ ಮಾಡತಾರ, ಇಲ್ಲೂ ಮಾಡತಾರ."

ಸಂಜೆಗೆ ಅಂಕೋಲೆಯ ದಂಡೆ. ನಾನು ರೂಮು ನೋಡಲು ಹೋದೆ. ಅವರಿಬ್ಬರೂ ನೀರಿನ ಕಡೆ ಹೋದರು.

ಅದಾದ ಮೇಲೆ ಕಾಕಾ ಬಹಳ ದಿನ ಬದುಕಲಿಲ್ಲ. ಶ್ರಾವಣದಲ್ಲಿ ಒಂದು ಮುಂಜಾನೆ ಹಲ್ಲುಜ್ಜುತ್ತ ನಿಂತವನು ಹಾಗೆಯೇ ಕುಸಿದ. ಉಸ್ತಾದ್ ಆಟೋದಲ್ಲಿ ಬಂದು, ಇಳಿಯಲಾಗದೆ, ಆಟೋದಲ್ಲೇ ಕೂತು ಕಾಕಾನ ಕೊನೆಯ ಮೆರವಣಿಗೆ ಓಣಿ ದಾಟುವವರೆಗೆ ಇದ್ದರು. ಇದನ್ನು ಈಗಲೇ ಹೇಳಿಬಿಟ್ಟೆ, ಏಕೆಂದರೆ ನಾನು ಕಡೆಗೆ ಹೇಳಬೇಕೆಂದಿರುವುದು ಸಮುದ್ರದಿಂದ ಬಂದ ಮರುದಿನದ, ಆ ಮಂಗಳವಾರದ ಸಂಗತಿ.

ಅಂದು ನಾನು ರಜೆ ಹಾಕಿ ಕಾಕೂನನ್ನೂ ಕರೆದುಕೊಂಡು ವಾರ್ಡಿಗೆ ಹೋಗಿದ್ದೆ. ಕಾಕಾನ ವಿಡಿಯೋ ಗೋಡೆಯ ಟಿವಿಯ ಮೇಲೆ ಓಡಿತು. ರಸ್ತೆ ಜೋಲಿ ಹೊಡೆಯುತ್ತಿತ್ತು. ನಡುನಡುವೆ ಕಾಕಾ ಓಕರಿಸುವ ಸದ್ದು, "ಉಸ್ತಾದ್, ಹುಷಾರ್, ಹಂಪ್ ಬಂತು" ಎನ್ನುವ ಮಾತು. ಉಸ್ತಾದ್ ಮಲಗಿದಲ್ಲೇ ಮಂಚದ ಅಂಚು ಹಿಡಿದುಕೊಂಡರು! ಘಟ್ಟ ಇಳಿಯಿತು, ಅಂಕೋಲೆ ಬಂತು, ಮರಳು ಬಂತು. ಅಲೆಯ ಸದ್ದು ಶುರುವಾಯಿತು.

ಪರದೆಯ ತುಂಬ ಕಾಕೂ ನಿಂತಿದ್ದಳು. ಸೀರೆಯ ನಿರಿಗೆ ಮೊಣಕಾಲಿಗೆ ಎತ್ತಿ ಹಿಡಿದು, ನೀರು ಬಂದಾಗ ಹಿಂದೆ ಓಡುತ್ತ, ನೀರು ಹೋದಾಗ ಮುಂದೆ ಓಡುತ್ತ, ಅಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳದ ದನಿಯಲ್ಲಿ ನಗುತ್ತಿದ್ದಳು. ಒಂದು ನಿಮಿಷವಾಯಿತು, ಐದು ನಿಮಿಷವಾಯಿತು. ಅಷ್ಟು ದೂರದ ರಸ್ತೆಯ ಮೇಲೆ ಅತ್ತಿತ್ತ ಓಲಾಡಿದ ಕ್ಯಾಮೆರಾ ಈಗ ಒಂದಿಷ್ಟೂ ಅಲುಗಾಡುತ್ತಿರಲಿಲ್ಲ.

"ಸಾವಕಾರ್ರ, ಸಮುದ್ರ ಎಲ್ಲೈತ್ರಿ?" ಕೇಳಿದರು ಉಸ್ತಾದ್.

"ತಡೀರಿ, ಆಕಿ ಬಾಜೂಕ ಸರದ ಮ್ಯಾಲೆ ಕಾಣತೈತಿ" ಎಂದ ಕಾಕಾ.

ಬಾಗಿಲ ಹತ್ತಿರ ನಿಂತಿದ್ದ ಕಾಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಿಡಿಯೋ ಮುಗಿಯುವವರೆಗೂ ಪರದೆಯ ಮೇಲಿನ ಕಾಕೂ ಅಲ್ಲಿಂದ ಸರಿಯಲಿಲ್ಲ. ಪಕ್ಕಕ್ಕೆ ಸರಿ ಎಂದು ಕಾಕಾನೂ ಹೇಳಿರಲಿಲ್ಲ.