ಘಟಸರ್ಪದ ಬಾಯಲ್ಲಿ ಮಲ್ಲಿಗೆ

ತನಗೆ ತಾನೇ ಬಹುಮಾನ ಕೊಟ್ಟುಕೊಳ್ಳುವುದರಲ್ಲಿ ಒಂದು ಅನುಕೂಲವಿದೆ. ತೀರ್ಪುಗಾರನೂ ನಾವೇ, ಚಪ್ಪಾಳೆಯೂ ನಮ್ಮದೇ. ತೊಂದರೆಯೇನೆಂದರೆ, ಯಾವ ಘನಕಾರ್ಯಕ್ಕೆ ಈ ಬಹುಮಾನ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ ಉತ್ತರ ಹೇಳಬೇಕಾದವರೂ ನಾವೇ. ಆ ಉತ್ತರ ಹೇಳಲಾರದೆ ನಾನು ಪಟ್ಟ ನಾಚಿಕೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಓದಿ ನಗಿ, ಪರವಾಗಿಲ್ಲ. ನಮ್ಮ ಹೆಡ್‌ಮಾಸ್ಟರಿಗೆ ಮಾತ್ರ ತೋರಿಸಬೇಡಿ.

ನಾನು ಚಳ್ಳಕೆರೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಬಾಚಣಿಗೆಗೆ ಹೆಚ್ಚು ಕೆಲಸವಿಲ್ಲದ ಈ ವಯಸ್ಸಿನಲ್ಲಿ ಒಂದು ಮಾಯಾಲೋಕದ ಕಥಾಸರಣಿಯ ಬಲೆಗೆ ಬಿದ್ದೆ. ಒಂಬತ್ತು ಸಂಪುಟ, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ನೆರಳನ್ನು ಮಾರಿಕೊಂಡ ರಾಜ, ಮುನಿಸಿಕೊಳ್ಳುವ ಬಾಗಿಲುಗಳು, ಎಲ್ಲಕ್ಕಿಂತ ಮಿಗಿಲಾಗಿ ಬೆಂಕಿಯುಗುಳುತ್ತಾ ಹಾರುವ ಒಂದು ಘಟಸರ್ಪ. ಸ್ಟಾಫ್‌ರೂಮಿನಲ್ಲಿ ಉತ್ತರಪತ್ರಿಕೆಗಳ ಕಟ್ಟಿನ ನಡುವೆ ಇಟ್ಟುಕೊಂಡು ಓದಿದೆ. ಘಟಸರ್ಪಕ್ಕೆ ಬಾಣ ತಗುಲಿದ ದಿನ ಎಂಟನೇ ತರಗತಿಯವರಿಗೆ ಪಾಠ ಮಾಡುವ ಮನಸ್ಸಾಗದೆ, "ನೀವೇ ಓದ್ಕೊಳ್ಳಿ" ಎಂದು ಹೇಳಿ ಕಿಟಕಿಯಾಚೆ ನೋಡುತ್ತಾ ಕೂತಿದ್ದೆ. ಮಕ್ಕಳು ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡವು.

ಒಂಬತ್ತನೆಯದು ಮುಗಿದ ಮೇಲೆ ನನ್ನ ಬೆನ್ನು ನಾನೇ ತಟ್ಟಿಕೊಂಡು, ಮೊದಲನೇ ಸಂಪುಟದ ವಿಶೇಷ ಆವೃತ್ತಿಯನ್ನು ತರಿಸಿದೆ. ನೀಲಿ ಬಟ್ಟೆಯ ರಟ್ಟು, ಹಾಳೆಗಳ ಅಂಚಿಗೆಲ್ಲ ಬಂಗಾರದ ಬಣ್ಣ, ಮುಖಪುಟದ ತುಂಬ ಸುರುಳಿ ಸುತ್ತಿಕೊಂಡ ಘಟಸರ್ಪ. ನನ್ನ ಹೆಂಡತಿ ನಾಗವೇಣಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಓದಿದ್ದೀರಲ್ಲ, ಮತ್ತೆ ಯಾಕ್ರೀ ತರಿಸಿದ್ರಿ?" ಎಂದಳು. "ಇದು ಓದೋಕಲ್ಲ" ಎಂದೆ. ಅವಳು ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಆ ಪುಸ್ತಕದ ಮುಂದೆ ನಾನು ಆಡಿದ ಆಟವನ್ನೂ ಹೇಳಿಬಿಡುತ್ತೇನೆ. ಸೋಪು ಹಚ್ಚಿ ಕೈ ತೊಳೆದು, ಒರೆಸಿಕೊಂಡು, ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಆಮೇಲೆ ತೆಗೆಯುತ್ತಿದ್ದೆ. ರಟ್ಟಿನ ಬೆನ್ನು ಮುರಿದೀತೆಂದು ಪೂರ್ತಿ ಬಿಡಿಸುತ್ತಿರಲಿಲ್ಲ. ಸಂದಿಯಿಂದ ಇಣುಕಿ ನೋಡಿ ಮತ್ತೆ ಕಪಾಟಿಗೆ ಸೇರಿಸುತ್ತಿದ್ದೆ.

ಒಂದು ಬೆಳಿಗ್ಗೆ ಹೀಗೆ ಕೈ ತೊಳೆದು ಒರೆಸಿಕೊಂಡು ಪುಸ್ತಕ ತೆಗೆಯುತ್ತಿದ್ದಾಗಲೇ ಮೊಳಕಾಲ್ಮೂರಿನಿಂದ ಮಾವನವರು ಬಂದರು. ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತಂತೆ. ಮಾವನವರು ಮನೆಯ ಮಗ್ಗದಲ್ಲೇ ರೇಷ್ಮೆ ಸೀರೆ ನೇಯುವವರು. ದಿನವಿಡೀ ನೇಯ್ದು ಸಂಜೆ ತಪ್ಪದೆ ಟಿವಿಯಲ್ಲಿ ಹಾವೊಂದು ಹೆಣ್ಣಾಗುವ ಧಾರಾವಾಹಿ ನೋಡುತ್ತಾರೆ. ಹಿಂದೊಮ್ಮೆ ಅವರ ಮನೆಯಲ್ಲೇ ಕೂತು, ಅವರು ಹಾಕಿಸಿದ ಹೋಳಿಗೆ ತಿನ್ನುತ್ತಾ, "ಇಂಥ ಕಟ್ಟುಕತೆ ನೋಡ್ತೀರಲ್ಲ ಮಾವ, ವೈಜ್ಞಾನಿಕ ಮನೋಭಾವ ಬೇಕು" ಎಂದು ಉದ್ದಕ್ಕೆ ಭಾಷಣ ಬಿಗಿದಿದ್ದೆ. ಆ ಭಾಷಣ ಈಗ ನನ್ನ ಗಂಟಲಿಗೇ ಅಡ್ಡ ನಿಂತಿತು.

"ಶಾನೆ ಚೆನ್ನಾಗೈತಲ್ರೀ ಅಳಿಯಂದ್ರೇ! ಯಾವುದಿದು?" ಎಂದರು ಮಾವ.

"ದೇವರ ಪುಸ್ತಕ ಮಾವ. ಇದು... ವಾಹನ" ಎಂದೆ. ಯಾವ ದೇವರದು ಎಂದು ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಅವರು ಕೇಳಲಿಲ್ಲ. ಚಪ್ಪಲಿ ದೂರ ಬಿಟ್ಟು ಬಂದು, ಪುಸ್ತಕವನ್ನು ಮುಟ್ಟದೆ ಕೈಮುಗಿದು, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರು. ಅಡುಗೆಮನೆಯಲ್ಲಿ ನಾಗವೇಣಿಗೆ ಕೆಮ್ಮು ಬಂತು.

ಕೆಲವು ತಿಂಗಳ ಮೇಲೆ ಮಾವ ಫೋನು ಮಾಡಿ ಇಬ್ಬರನ್ನೂ ಕರೆಸಿಕೊಂಡರು. ಹೋದ ತಕ್ಷಣ ಚಾಪೆಯ ಮೇಲೆ ಒಂದು ಸೀರೆ ಬಿಡಿಸಿ ಹಾಕಿದರು. ನೀಲಿ ರೇಷ್ಮೆ. ಸೆರಗಿನ ತುಂಬ ಜರಿಯಲ್ಲಿ ನನ್ನ ಘಟಸರ್ಪ! ರೆಕ್ಕೆ, ಉಗುರು, ಬಾಲದ ಸುರುಳಿ, ಯಾವುದೂ ಬಿಟ್ಟಿರಲಿಲ್ಲ. ಆ ಫೋಟೋ ಕೊಟ್ಟು, ಮಗ್ಗದಲ್ಲಿ ಚಿತ್ತಾರ ಮೂಡಿಸುವ ತೂತಿನ ಕಾರ್ಡುಗಳನ್ನು ಮಾಡಿಸಿ, ಮಗಳಿಗೆಂದು ತಾವೇ ಕೂತು ನೇಯ್ದಿದ್ದರು. ಒಂದು ಕಡೆ ಮಾತ್ರ ತಿದ್ದುಪಡಿಯಾಗಿತ್ತು. ಬೆಂಕಿಯಿರಬೇಕಾದ ಬಾಯಲ್ಲಿ ಒಂದು ಮಲ್ಲಿಗೆ ಹೂವು.

"ವಾಹನ ಬೆಂಕಿ ಉಗುಳ್ತಿದ್ರೆ ದೇವ್ರು ಹೆಂಗ್ರೀ ಹತ್ತಿ ಕೂರೋದು? ಅದ್ಕೇ ತೆಗೆದು ಹೂವಿಟ್ಟೆ" ಎಂದರು ಮಾವ.

ಪಕ್ಕದ ಮನೆಯ ತಿಪ್ಪಮ್ಮ ಸೀರೆ ನೋಡಲು ಬಂದವರು, "ಯಾವ ದೇವರ ವಾಹನ ಇದು?" ಎಂದು ಕೇಳಿದರು. "ಅಳಿಯಂದ್ರನ್ನ ಕೇಳವ್ವಾ, ಓದಿದೋರು" ಎಂದು ಮಾವ ಹೆಮ್ಮೆಯಿಂದ ನನ್ನತ್ತ ಕೈ ತೋರಿಸಿದರು. ನಾನು ನಾಗವೇಣಿಯ ಮುಖ ನೋಡಿದೆ. ಅವಳು ಗೋಡೆಯ ಮುಖ ನೋಡಿದಳು. ಅಷ್ಟರಲ್ಲಿ ಆ ಹಿರಿಯಮ್ಮ ಬಗ್ಗಿ ಸೆರಗನ್ನು ಕಣ್ಣಿಗೊತ್ತಿಕೊಂಡೇಬಿಟ್ಟರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಾವನವರು ತಮ್ಮ ಮಂಜುಗಣ್ಣಿನಲ್ಲೇ ನೇಯ್ದ ಸೀರೆ ಅದು, ನನ್ನ ಸುಳ್ಳನ್ನು ನಂಬಿ ನೇಯ್ದದ್ದು.

"ಮಾವ, ಅದು ದೇವರದಲ್ಲ. ಕಟ್ಟುಕತೆ. ನಾನು ಸುಮ್ಮನೆ ಖುಷಿಗೆ ಓದೋದು" ಎಂದೆ. ತಿಪ್ಪಮ್ಮ ಸೆರಗು ಕೆಳಗಿಟ್ಟು, ಮನೆಯಲ್ಲಿ ಹಾಲು ಒಲೆಯ ಮೇಲಿದೆ ಎಂದು ಎದ್ದು ಹೋದರು.

ಮಾವ ಸೆರಗಿನ ಮಲ್ಲಿಗೆಯ ಮೇಲೆ ಬೆರಳಾಡಿಸಿದರು. "ನೀವು ಕೈ ತೊಳ್ಕೊಂಡು ಮುಟ್ತಿದ್ರಲ್ರೀ, ಅದ್ಕೇ ನಂಬಿದ್ದೆ" ಎಂದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಸೀರೆ ಮಡಚಿ ಮಗಳ ಕೈಗಿಟ್ಟು, ಟಿವಿ ಹಚ್ಚಿ, ಚಾಪೆಯ ಮೇಲೆ ನನಗೂ ಜಾಗ ಬಿಟ್ಟರು. "ಬರ್ರಿ, ಕೂತ್ಕೊಳ್ರಿ. ನಮ್ಮ ಹಾವಿಗಾದ್ರೂ ಒಂದು ಗುಡಿ ಐತೆ."

ಕೂತೆ. ಜಾಹೀರಾತು ಬಂದಾಗ, ನಿನ್ನೆಯ ಕಂತಿನಲ್ಲಿ ಏನಾಗಿತ್ತು ಎಂದು ನಾನೇ ಕೇಳಿದೆ.

ನನ್ನ ಪುಸ್ತಕ ಈಗಲೂ ಕಪಾಟಿನಲ್ಲಿ ಹೊಸದಾಗಿಯೇ ಇದೆ. ನಾಗವೇಣಿ ಮಾತ್ರ ಆ ಸೀರೆಯನ್ನು ಸಿಕ್ಕ ಸಿಕ್ಕ ಮದುವೆಗೆಲ್ಲ ಉಟ್ಟು, ಕೇಳಿದವರಿಗೆಲ್ಲ "ನಮ್ಮ ಮನೆಯವರ ವಾಹನ" ಎನ್ನುತ್ತಾಳೆ. ಮೊನ್ನೆ ಒಂದು ಮದುವೆ ಊಟ ಮುಗಿಸಿ ಬಂದಾಗ, ಬಾಲದ ಜರಿಯನ್ನು ಹತ್ತಿರದಿಂದ ನೋಡೋಣವೆಂದು ಸೆರಗಿಗೆ ಕೈ ಚಾಚಿದೆ. ಅವಳು ಸರಕ್ಕನೆ ಎಳೆದುಕೊಂಡಳು.

"ಕೈ ತೊಳ್ಕೊಂಡು ಬಂದು ಮುಟ್ರಿ" ಎಂದಳು.

ಸೋಪು ಹಚ್ಚಿ ತೊಳೆದುಕೊಂಡು ಬಂದೆ.