ರೋಮನ್ ಸೈನ್ಯವನ್ನು ನಾನು ಪಂಕ್ತಿಗೆ ಕೂರಿಸಿದ್ದು

ಮಕ್ಕಳೇ, ಸಾಲು ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ನಮ್ಮೂರಿನ ಮದುವೆಗಳಲ್ಲಿ ಎಲೆ ಹಾಕಿ ಜನರನ್ನು ಕೂರಿಸುವ ಕೆಲಸ ನನ್ನದೇ ಆಗಿತ್ತು. ನಡುವೆ ಒಂದೇ ಒಂದು ಎಲೆ ಖಾಲಿ ಉಳಿಯಲು ಬಿಟ್ಟವಳಲ್ಲ. ನಿಮ್ಮ ತಾತ ಹೋದ ಮೇಲೆ ಆ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಮದುವೆಮನೆಯಲ್ಲಿ ವಿಧವೆ ಮುಂದೆ ಓಡಾಡಬಾರದಂತೆ; ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸಬಹುದಂತೆ! ಬೆಳ್ಳುಳ್ಳಿಗೆ ಅಪಶಕುನ ತಟ್ಟುವುದಿಲ್ಲವಲ್ಲ.

ಹಾಗಾಗಿ ಜಿಗಣಿಯ ಮನೆಯಲ್ಲಿ ನಿಮ್ಮ ಸಿಂಚನಕ್ಕ ನನ್ನ ಕೈಗೆ ಟ್ಯಾಬ್ ಕೊಟ್ಟು, “ಅಜ್ಜಿ, ಈ ಸೈನ್ಯ ನಿಲ್ಲಿಸ್ಕೊಡು” ಎಂದಾಗ ನನಗೆ ಪಟ್ಟಾಭಿಷೇಕವೇ ಆದಂತಾಯಿತು.

ಅವಳು ಮೂರು ತಿಂಗಳಿಂದ ಹಳೇ ರೋಮನ್ ಸೈನ್ಯದ ಒಂದು ಯುದ್ಧದ ಕಂಪ್ಯೂಟರ್ ಆಟ ಕಟ್ಟುತ್ತಿದ್ದಳು. ಅಂದು ಹನ್ನೊಂದು ಗಂಟೆಗೆ ವೈಟ್‌ಫೀಲ್ಡಿನ ಒಂದು ಕಂಪನಿಯವರು ವಿಡಿಯೊ ಕಾಲ್‌ನಲ್ಲಿ ಆಟ ನೋಡಿ, ಅವಳಿಗೆ ಕೆಲಸ ಉಂಟೋ ಇಲ್ಲವೋ ಹೇಳುವವರಿದ್ದರು.

“ಒಂದು ತುಕಡೀಲಿ ಎಂಬತ್ತು ಜನ. ಅಂಥ ಆರು ಸೇರಿದ್ರೆ ಒಂದು ದಳ. ಹತ್ತು ದಳಕ್ಕೆ ಒಂದು ಲೀಜನ್.”

“ನಾಲ್ಕು ಸಾವಿರದ ಎಂಟುನೂರು ಜನ! ಅಡುಗೆ ಯಾರ್ದೇ?”

“ಅಯ್ಯೋ, ಯುದ್ಧ ಕಣಜ್ಜಿ! ಮುಂದೆ ನಾಲ್ಕು ದಳ, ಹಿಂದೆ ಮೂರು, ಅದರ ಹಿಂದೆ ಮೂರು. ಈ ಚಿತ್ರ ನೋಡ್ಕೊಂಡು ಎಳೆದಿಟ್ಟು ಹಸಿರು ಬಟನ್ ಒತ್ತು. ನಾನು ಸ್ನಾನ ಮಾಡ್ಕೊಂಡ್ ಬರ್ತೀನಿ.”

ಚಿತ್ರದಂತೆಯೇ ಇಟ್ಟೆ. ಆಮೇಲೆ ಕನ್ನಡಕ ಸರಿಮಾಡಿಕೊಂಡು ನೋಡಿದೆ. ಮುಂದಿನ ಸಾಲಿನಲ್ಲಿ ಮೂರು ಕಡೆ ಜಾಗ ಖಾಲಿ! ಅದರ ಹಿಂದೆಯೇ ಮೂರು ದಳಗಳು ಸುಮ್ಮನೆ ನಿಂತಿವೆ! ಎಲೆ ಖಾಲಿಯಿದ್ದೂ ಜನರನ್ನು ಕಾಯಿಸುವುದೇ? ಪಾಪ, ಮಗುವಿಗೆ ಅನುಭವ ಸಾಲದು. ಮೂರನ್ನೂ ಮುಂದಕ್ಕೆ ತಂದು ಒತ್ತಾಗಿ ಕೂರಿಸಿದೆ. ಹಸಿರು ಬಟನ್ ಒತ್ತಿದೆ.

“ಚಿತ್ರದ ಥರಾನೇ ಇಟ್ಯಾ ಅಜ್ಜಿ?” ಒದ್ದೆಗೂದಲಿನಲ್ಲೇ ಓಡಿಬಂದ ಸಿಂಚನ ಕೇಳಿದಳು.

“ಅದಕ್ಕಿಂತ ಚೆನ್ನಾಗಿಟ್ಟಿದೀನಿ!”

ಅವಳು ನಕ್ಕು ಲ್ಯಾಪ್‌ಟಾಪ್ ಮುಂದೆ ಕೂತಳು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತೆ.

“ಮುಂದಿನವರು ಸುಸ್ತಾದ್ರೆ ಹಿಂದಿನವರು ಸಂದಿಗಳಿಂದ ಮುಂದೆ ಬರ್ತಾರೆ ಸರ್. ಅದೇ ನನ್ನ ಗೇಮ್ ವಿಶೇಷ,” ಎಂದು ಹುರುಪಿನಿಂದ ಹೇಳಿದಳು.

ಮುಂದಿನವರು ಸುಸ್ತಾದರು. ಹಿಂದೆ ಉಳಿದಿದ್ದ ಮೂರು ದಳಗಳು ತುಂಬಿದ ಬಸ್ಸಿನ ಬಾಗಿಲು ಹುಡುಕುವವರಂತೆ ಅತ್ತಿತ್ತ ಓಡಾಡಿದವು. ಸಂದಿಯೇ ಇಲ್ಲ! ಮುಂದಿನ ಏಳೂ ದಳಗಳು ಒಂದು ತುದಿಯಿಂದ ಸಾಯತೊಡಗಿದವು.

ಪರದೆಯಲ್ಲಿದ್ದ ಸಾಹೇಬರು ನಕ್ಕರು. “ಏನಮ್ಮಾ, ಎಲ್ಲಾ ಮದುವೆ ಊಟಕ್ಕೆ ಕೂತಂಗಿದೆಯಲ್ಲ!”

ಸಿಂಚನ ಮೆಲ್ಲಗೆ ತಿರುಗಿ ನನ್ನನ್ನು ನೋಡಿದಳು. “ಸಾರಿ ಸರ್, ನಾನೇ ಚೆಕ್ ಮಾಡ್ಬೇಕಿತ್ತು,” ಎಂದಷ್ಟೇ ಹೇಳಿದಳು.

“ಅದು ನಾನು ಮಾಡಿದ್ದು” ಎಂದು ನಾನು ಹೇಳಬೇಕಿತ್ತು. ಐದು ಹೆಜ್ಜೆ ದೂರ. ಗುರುತಿಲ್ಲದ ಗಂಡಸರ ಮುಂದೆ ಹೋಗಲು ಕಾಲು ಏಳಲಿಲ್ಲ. ಬೇರೆಯವರನ್ನು ಮುಂದೆ ತರುವುದಷ್ಟೇ ನನಗೆ ಗೊತ್ತು. ಕಾಲ್ ಮುಗಿಯಿತು. ಕೆಲಸದ ಆಸೆಯೂ ಮುಗಿಯಿತು.

“ಅಲ್ಲೇ ನಿಂತಿದ್ದೆ ತಾನೇ ಅಜ್ಜಿ? ಒಂದ್ ಮಾತು ಹೇಳಿದ್ರೆ ಇನ್ನೊಂದ್ಸಲ ಆಡ್ಸಿ ನೋಡ್ತಿದ್ರೇನೋ.”

ತಪ್ಪಾಯಿತು ಎನ್ನಲು ಬಾಯಿ ತೆರೆದೆ. “ಕಾಫಿ ಬಿಸಿ ಮಾಡ್ಲಾ?” ಎಂಬುದು ಹೊರಬಂತು!

ಈಗ ಆ ಟ್ಯಾಬ್‌ಗೆ ಪಾಸ್‌ವರ್ಡ್ ಇದೆ. ಯಾಕೆಂದು ನಾನು ಕೇಳಿಲ್ಲ. ಕೇಳುವಷ್ಟು ಧೈರ್ಯ ಅಂದೇ ನನಗಿದ್ದಿದ್ದರೆ, ಆ ಪಾಸ್‌ವರ್ಡಿನ ಅಗತ್ಯವೇ ಬೀಳುತ್ತಿರಲಿಲ್ಲ.