ದಣಿದ ಮಾಸ್ತರನ ನ್ಯಾಯ

ನಮ್ಮ ಕಡೆ ಮೊಬೈಲು ಆಗಷ್ಟೇ ಬರತೊಡಗಿದ್ದ ವರ್ಷಗಳಲ್ಲಿ ನಾನು ನರಗುಂದ, ಗಜೇಂದ್ರಗಡ, ರೋಣದ ಸಾಲಿಗಳಲ್ಲಿ ಕನ್ನಡ ಮಾಸ್ತರನಾಗಿದ್ದೆ. ಸರಿ ಯಾವುದು, ತಪ್ಪು ಯಾವುದು ಎಂದು ಹೇಳಿಕೊಡುವುದೇ ಕೆಲಸ. ಬೆಳಿಗ್ಗೆ ಅದು ನನಗೆ ಚೆನ್ನಾಗಿ ಗೊತ್ತಿರುತ್ತಿತ್ತು. ಸಂಜೆ ನಾಲ್ಕರ ಮೇಲೆ ಅಷ್ಟು ಭರವಸೆ ಇರುತ್ತಿರಲಿಲ್ಲ. ಇದು ನನ್ನೊಬ್ಬನ ಕಥೆಯೂ ಅಲ್ಲ.

ಸೋಮವಾರದ ಅರ್ಜಿ

ನರಗುಂದದ ನಮ್ಮ ಹೆಡ್‌ಮಾಸ್ತರರು ಸೋಮವಾರ ಕತ್ತಲಾಗುವವರೆಗೆ ನೀರು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಹಸಿವನ್ನು ತಡೆಯುವುದರಲ್ಲೇ ಅವರ ಶಕ್ತಿಯೆಲ್ಲ ಮುಗಿದು, ಸಿಟ್ಟು ತಡೆಯಲು ಏನೂ ಉಳಿಯುತ್ತಿರಲಿಲ್ಲ. ಅವತ್ತು ರಜೆ ಕೇಳಿದವರೆಲ್ಲ ಅವರ ಕಣ್ಣಿಗೆ ಸುಳ್ಳರು. ಮಂಗಳವಾರ ಎರಡು ರೊಟ್ಟಿ ತಿಂದು ಬಂದರೆ ಅದೇ ಮನುಷ್ಯ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು. ಒಂದು ಸೋಮವಾರ ಗಣಿತದ ಮಾಸ್ತರರು ಅವರ ಮೇಜಿನ ಮೇಲೆ ಚೀಟಿ ಇಟ್ಟು, ಕೈಮುಗಿದು ಅಂದರು: “ಸರ, ಮಾವನ ಮಗಳ ಲಗ್ನ ಇವತ್ತೇ ಐತ್ರಿ. ಅರ್ಜಿ ಇಟ್ಟು ಹೊಂಟೀನಿ. ಓದೂದು ಮಾತ್ರ ನಾಳೆ ಓದ್ರಿ.”

ಸೊನ್ನೆಯ ಮೇಲೆ ಗೀಟು

ಗಜೇಂದ್ರಗಡದಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ನಕಲು ಮಾಡುವುದು ಏಕೆ ತಪ್ಪು ಎಂಬ ಪ್ರಶ್ನೆಗೆ ಒಬ್ಬ, “ಪಕ್ಕದವನಿಗೂ ಬಂದಿರುವುದಿಲ್ಲ” ಎಂದು ಬರೆದಿದ್ದ. ಐವತ್ತು ಪೇಪರು ತಿದ್ದಿ ತಲೆ ಕೆಟ್ಟಿತ್ತು. ಎಂಥ ಉಡಾಳ ಎಂದು ಸೊನ್ನೆ ಬಾರಿಸಿದೆ. ಮರುದಿನ ಚಹಾ ಕುಡಿದು ಮತ್ತೆ ಓದಿದಾಗ ನಗು ಬಂತು. ಅನುಭವದ ಮಾತು ಅನ್ನಿಸಿ, ಸೊನ್ನೆಗೆ ಗೀಟು ಹೊಡೆದು ಮೂರು ಅಂಕ ಕೊಟ್ಟೆ. ಹುಡುಗ ಪೇಪರು ಹಿಡಿದು ಬಂದು ಇದ್ಯಾಕೆ ಹೀಗೆ ಎಂದು ಕೇಳಿದ. ಸೊನ್ನೆ ಕೊಟ್ಟಾಗ ದಣಿದಿದ್ದೆ ಎಂದು ಖರೇನೇ ಹೇಳಿದೆ. ಅವನು ಚೀಲದಿಂದ ಇನ್ನೊಂದು ಪೇಪರು ತೆಗೆದ.

“ಇಂಗ್ಲಿಷ್ ಸರೂ ದಣಿದಿದ್ರೇನೋ, ಒಂದ್ಸಲ ಕೇಳ್ರಿ.”

ಮೊದಲನೇ ಬಹುಮಾನ

ರೋಣದಲ್ಲಿ ತಾಲೂಕಿನ ಮಕ್ಕಳ ಭಾಷಣ ಸ್ಪರ್ಧೆ. ವಿಷಯ, ತಾಳ್ಮೆ. ನಾನು ಮತ್ತು ಚಿತ್ರಕಲೆಯ ಮಾಸ್ತರರು ತೀರ್ಪುಗಾರರು. ಎಲ್ಲ ಮಕ್ಕಳೂ ಒಂದೇ ಪುಸ್ತಕದಿಂದ ಬಾಯಿಪಾಠ ಮಾಡಿದ್ದರು. ತಗಡಿನ ಮಾಡಿನ ಕೆಳಗೆ, ಬಿಸಿಲ ಧಗೆಯಲ್ಲಿ, ತಾಳ್ಮೆಯು ಮನುಷ್ಯನ ಆಭರಣ ಎಂದು ಇಪ್ಪತ್ತೆರಡು ಸಲ ಕೇಳಿದೆ. ಇಪ್ಪತ್ತಮೂರನೆಯವನು ಬಾಯಿ ತೆರೆದದ್ದೇ ತಡ, ಮೇಜು ಗುದ್ದಿ ಎದ್ದು ನಿಂತು, ಸಾಕು ಮಾಡು ಎಂದು ಒದರಿದೆ. ಹುಡುಗ ಅಳುತ್ತ ಇಳಿದುಹೋದ. ಇಡೀ ಸಭೆ ನನ್ನನ್ನೇ ನೋಡಿತು. ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು. ಅವನನ್ನು ಕರೆಸಿ, ಬೆನ್ನು ಸವರಿ, ಪೂರ್ತಿ ಭಾಷಣ ಕೇಳಿದೆ.

ಮುಂದೆ ಬಂದವಳು ಇಟಗಿಯ ಪುಟ್ಟ ಹುಡುಗಿ. ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಅಂದಳು: “ಸರ, ನೀವು ನೀರು ಕುಡೀರಿ. ಅಲ್ಲೀತನಕ ನಾ ಸುಮ್ನ ನಿಂದರತೀನಿ.”

ನಾನು ನೀರು ಕುಡಿದು, ಮುಖ ಒರೆಸಿ, ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅವಳ ಪಾಲಿನ ಎರಡು ನಿಮಿಷ ಮುಗಿದು ಗಂಟೆ ಹೊಡೆಯಿತು. ಅವಳು ನಮಸ್ಕಾರ ಮಾಡಿ ಇಳಿದಳು.

ಅವಳ ಹೆಸರಿನ ಮುಂದೆ ನಾನು ಮೊದಲನೇ ಬಹುಮಾನ ಎಂದು ಬರೆದೆ. ಚಿತ್ರಕಲೆಯವರು ಬಗ್ಗಿ ನೋಡಿ, “ಆ ಹುಡುಗಿ ಭಾಷಣಾನ ಮಾಡ್ಲಿಲ್ಲಲ್ರಿ” ಅಂದರು.

“ಅದಕ್ಕ ಕೊಟ್ಟೀನ್ರಿ” ಅಂದೆ.